ಕಿವಿಗೆ ಮೊದಲ ತುತ್ತು

ಊರ ಹೊರಗಿನ ಬಯಲಿನಲ್ಲಿ ಸಂಜೆಯ ಹೊತ್ತು ಒಂದು ಪುಟ್ಟ ವಿಮಾನ ಹಾರಾಡುತ್ತಿರುತ್ತದೆ. ಅದರ ರೆಕ್ಕೆಗಳ ಅಗಲ ಒಂದು ಮಾರಿನಷ್ಟು. ಒಳಗೆ ಕುಳಿತು ನಡೆಸುವ ಚಾಲಕನಿಲ್ಲ. ಆದರೂ ಅದು ಹದ್ದಿನಂತೆ ಮೇಲೇರುತ್ತದೆ, ಬಾಗಿ ತಿರುಗುತ್ತದೆ, ಮರದ ತುದಿಯನ್ನು ಸವರಿದಂತೆ ಕೆಳಗಿಳಿದು ಮತ್ತೆ ನೆಗೆಯುತ್ತದೆ. ಸ್ವಲ್ಪ ದೂರದಲ್ಲಿ ಒಬ್ಬ ಯುವಕ ಕೈಯಲ್ಲಿ ಒಂದು ಪೆಟ್ಟಿಗೆಯನ್ನು ಹಿಡಿದು ನಿಂತಿದ್ದಾನೆ. ಆ ಪೆಟ್ಟಿಗೆಯ ಮೇಲೆ ಎರಡು ಸಣ್ಣ ಹಿಡಿಕೆಗಳಿವೆ. ಅವನ ಹೆಬ್ಬೆರಳು ಕೂದಲೆಳೆಯಷ್ಟು ಸರಿದರೆ ಸಾಕು, ಮುಗಿಲಿನಲ್ಲಿರುವ ವಿಮಾನ ಅದನ್ನರಿತು ಪಕ್ಕಕ್ಕೆ ವಾಲುತ್ತದೆ. ಇಬ್ಬರ ನಡುವೆ ದಾರವಿಲ್ಲ, ತಂತಿಯಿಲ್ಲ. ಮೊದಲ ಸಲ ನೋಡುವವರಿಗೆ ಇದು ಇಂದ್ರಜಾಲದಂತೆ ತೋರಿದರೆ ಆಶ್ಚರ್ಯವಿಲ್ಲ.

ಇಷ್ಟು ವಿಧೇಯವಾದ ವಿಮಾನ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮಾತು ಕೇಳುವುದನ್ನು ನಿಲ್ಲಿಸಿಬಿಡುತ್ತದೆ. ಯುವಕ ಹಿಡಿಕೆಯನ್ನು ಎಷ್ಟು ಎಳೆದರೂ ಅದು ತನ್ನ ಪಾಡಿಗೆ ತಾನು ಸಾಗಿ ನೆಲಕ್ಕೆ ಬಡಿದು ಚೂರಾಗುತ್ತದೆ. ಗಾಳಿಯ ತಪ್ಪೆಂದು ಒಬ್ಬರು, ರೇಡಿಯೊ ಅಲೆಗಳಿಗೆ ಏನೋ ಅಡ್ಡಬಂದಿರಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಚೂರುಗಳನ್ನು ಆಯ್ದು ತಂದು ಬ್ಯಾಟರಿಯನ್ನು ಅಳೆದು ನೋಡಿದರೆ, ಅದರಲ್ಲಿ ಇನ್ನೂ ಅರ್ಧದಷ್ಟು ಶಕ್ತಿ ಉಳಿದಿರುವುದೂ ಉಂಟು. ಹೊಟ್ಟೆಯಲ್ಲಿ ಅನ್ನವಿರುವಾಗಲೇ ಹಸಿವಿನಿಂದ ಸತ್ತಂತಹ ಈ ವಿಚಿತ್ರ ಹೇಗೆ ಸಂಭವಿಸುತ್ತದೆ? ಇದನ್ನು ತಿಳಿಯಬೇಕಾದರೆ ದೂರದ ಮಾತನ್ನು ಯಂತ್ರವು ಕೇಳುವ ಬಗೆಯನ್ನು ಮೊದಲು ಅರಿಯಬೇಕು.

ತಂತಿಯ ಸಂಬಂಧವಿಲ್ಲದೆ ವಾಹನವನ್ನು ನಡೆಸುವ ವಿದ್ಯೆಗೆ ನೂರ ಇಪ್ಪತ್ತೈದು ವರ್ಷಗಳಿಗೂ ಮೀರಿದ ಇತಿಹಾಸವಿದೆ. ೧೮೯೮ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬಲ್ಲಿ ವಿದ್ಯುತ್ ಉಪಕರಣಗಳ ಪ್ರದರ್ಶನವೊಂದು ನಡೆಯಿತು. ಅಲ್ಲಿ ನಿಕೊಲಾ ಟೆಸ್ಲಾ ಎಂಬ ವಿಜ್ಞಾನಿ ನೀರಿನ ತೊಟ್ಟಿಯಲ್ಲಿ ಒಂದು ಸಣ್ಣ ದೋಣಿಯನ್ನು ತೇಲಿಬಿಟ್ಟು, ಅದನ್ನು ದೂರದಿಂದಲೇ ನಡೆಸಿ ತೋರಿಸಿದನು. ದೋಣಿ ಅವನ ಇಚ್ಛೆಯಂತೆ ಎಡಕ್ಕೂ ಬಲಕ್ಕೂ ತಿರುಗಿತು. ಅದರ ಮೇಲಿನ ದೀಪಗಳು ಅವನ ಆಜ್ಞೆಯಂತೆ ಹೊತ್ತಿ ಆರಿದವು. ಅದೇ ವರ್ಷದ ನವೆಂಬರ್ ೮ರಂದು ಈ ಉಪಾಯಕ್ಕೆ ಅವನಿಗೆ ಪೇಟೆಂಟು ದೊರೆಯಿತು. ಮನೆಮನೆಗಳಲ್ಲಿ ರೇಡಿಯೊ ಹಾಡುವುದಕ್ಕೆ ಎಷ್ಟೋ ಮೊದಲೇ ರೇಡಿಯೊ ಅಲೆ ಒಂದು ದೋಣಿಯ ಚುಕ್ಕಾಣಿಯನ್ನು ತಿರುಗಿಸಿತ್ತು.

ಟೆಸ್ಲಾನ ದೋಣಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದೂರದಿಂದ ಬಂದ ಅಲೆ ದೋಣಿಯನ್ನು ತಳ್ಳಲಿಲ್ಲ, ಚುಕ್ಕಾಣಿಯನ್ನು ಎಳೆಯಲೂ ಇಲ್ಲ. ದೋಣಿಯೊಳಗೆ ಲೋಹದ ಪುಡಿಯನ್ನು ತುಂಬಿದ ಒಂದು ನಳಿಕೆಯಿತ್ತು. ಅಲೆ ತಾಕಿದೊಡನೆ ಆ ಪುಡಿಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವಂತಾಗುತ್ತಿತ್ತು. ಅದರಿಂದ ದೋಣಿಯಲ್ಲೇ ಇದ್ದ ಬ್ಯಾಟರಿಗೆ ದಾರಿ ತೆರೆದು, ಆ ಬ್ಯಾಟರಿಯ ಬಲದಿಂದ ಮೋಟಾರು ತಿರುಗುತ್ತಿತ್ತು. ಎಂದರೆ, ಹೊರಗಿನಿಂದ ಬಂದುದು ಆಜ್ಞೆ ಮಾತ್ರ. ಅದನ್ನು ನಡೆಸುವ ಬಲ ದೋಣಿಯದೇ. ಅಂದಿನ ನಳಿಕೆ ಇಂದು ಇಲ್ಲ. ಆದರೆ ಈ ತತ್ತ್ವ ಇಂದಿಗೂ ಬದಲಾಗಿಲ್ಲ.

ಬಾನಿನಲ್ಲಿ ಬರುವ ಆಜ್ಞೆ ಎಷ್ಟು ದುರ್ಬಲವಾದುದೆಂದು ತಿಳಿದರೆ ಅಚ್ಚರಿಯಾಗುತ್ತದೆ. ಯುವಕನ ಕೈಯಲ್ಲಿರುವ ಪೆಟ್ಟಿಗೆಗೆ ಟ್ರಾನ್ಸ್‌ಮಿಟರ್, ಅಂದರೆ ಪ್ರೇಷಕ ಎಂದು ಹೆಸರು. ಅದು ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದಷ್ಟಿರಬಹುದು. ಅಲೆಗಳು ಎಲ್ಲ ದಿಕ್ಕಿಗೂ ಚೆದರುವುದರಿಂದ, ಮುನ್ನೂರು ಮೀಟರ್ ದೂರದ ವಿಮಾನಕ್ಕೆ ತಲಪುವುದು ಒಂದು ವ್ಯಾಟಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈ ಪಿಸುಮಾತನ್ನು ಹಿಡಿದು, ಬೇರೆ ಸದ್ದುಗಳಿಂದ ಬೇರ್ಪಡಿಸಿ, ಬಲಪಡಿಸಿ, ಅರ್ಥಮಾಡಿಕೊಳ್ಳುವ ಕೆಲಸ ವಿಮಾನದೊಳಗಿನ ರಿಸೀವರಿನದು. ರಿಸೀವರ್ ಎಂದರೆ ಗ್ರಾಹಕ. ಅದೇ ವಾಹನದ ಕಿವಿ. ಅದು ಬೆಂಕಿಪೊಟ್ಟಣದಷ್ಟೇ ಚಿಕ್ಕದು. ಅದಕ್ಕೆ ಬೇಕಾದ ವಿದ್ಯುತ್ತೂ ಅಲ್ಪ: ಸಾಮಾನ್ಯವಾಗಿ ಒಂದು ಆಂಪಿಯರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಆದರೆ ಆ ಅಲ್ಪವನ್ನು ಒಂದು ಕ್ಷಣವೂ ತಪ್ಪದಂತೆ ಅದಕ್ಕೆ ಒದಗಿಸಬೇಕು.

ಕಿವಿ ಕೇಳಿದ ಮಾತನ್ನು ನಡೆಸಿಕೊಡುವುದಕ್ಕೆ ಕೈಗಳು ಬೇಕಷ್ಟೆ. ಆ ಕೈಗಳಿಗೆ ಸರ್ವೊ ಎಂದು ಹೆಸರು. ಒಂದೊಂದು ಸರ್ವೊದಲ್ಲಿಯೂ ಪುಟ್ಟ ಮೋಟಾರು, ಹಲ್ಲುಚಕ್ರಗಳು ಮತ್ತು ತಾನು ಎಷ್ಟು ತಿರುಗಿದ್ದೇನೆಂದು ಅಳೆದುಕೊಳ್ಳುವ ಏರ್ಪಾಡು ಇರುತ್ತವೆ. ರಿಸೀವರ್ ಪ್ರತಿಯೊಂದು ಸರ್ವೊಗೆ ಸೆಕೆಂಡಿಗೆ ಸುಮಾರು ಐವತ್ತು ಸಲ ಒಂದು ಮಿಡಿತವನ್ನು ಕಳುಹಿಸುತ್ತದೆ. ಮಿಡಿತದ ಅವಧಿ ಒಂದು ಸೆಕೆಂಡಿನ ಸಾವಿರದ ಒಂದೂವರೆ ಪಾಲಿನಷ್ಟಿದ್ದರೆ ಸರ್ವೊದ ತೋಳು ನಟ್ಟನಡುವೆ ನಿಲ್ಲುತ್ತದೆ. ಅದು ಒಂದು ಪಾಲಿಗೆ ಕುಗ್ಗಿದರೆ ಒಂದು ಕಡೆಗೆ, ಎರಡು ಪಾಲಿಗೆ ಹಿಗ್ಗಿದರೆ ಇನ್ನೊಂದು ಕಡೆಗೆ ತಿರುಗುತ್ತದೆ. ವಿಮಾನದ ಚುಕ್ಕಾಣಿ, ಕಾರಿನ ಮುಂಗಾಲಿಗಳು, ದೋಣಿಯ ಹುಟ್ಟು ಎಲ್ಲವೂ ಈ ತೋಳುಗಳಿಗೆ ಸರಳುಗಳ ಮೂಲಕ ಕಟ್ಟಲ್ಪಟ್ಟಿರುತ್ತವೆ.

ಕಿವಿ ಮಿತಾಹಾರಿಯಾದರೆ ಕೈಗಳು ಹಾಗಲ್ಲ. ಸುಮ್ಮನಿರುವಾಗ ಸರ್ವೊಗೆ ಬೇಕಾದ ವಿದ್ಯುತ್ತು ತೀರ ಕಡಿಮೆ. ಅದು ತಿರುಗಲಾರಂಭಿಸಿದಾಗ ಹಸಿವು ಹೆಚ್ಚುತ್ತದೆ. ಗಾಳಿಯ ಒತ್ತಡಕ್ಕೆ ಎದುರಾಗಿ ತಿರುಗಬೇಕಾದಾಗ, ಅಥವಾ ತಿರುಗಲಾರದೆ ಸಿಕ್ಕಿಕೊಂಡಾಗ, ಒಂದು ಸಾಧಾರಣ ಸರ್ವೊ ಒಂದು ಆಂಪಿಯರಿನಷ್ಟು ಪ್ರವಾಹವನ್ನು ಸೆಳೆಯಬಲ್ಲದು. ದೊಡ್ಡ ಸರ್ವೊಗಳು ಹಲವು ಆಂಪಿಯರುಗಳನ್ನೇ ನುಂಗುತ್ತವೆ. ಕಿವಿಗೂ ಕೈಗಳಿಗೂ ಊಟ ಬರುವುದು ಒಂದೇ ಬ್ಯಾಟರಿಯಿಂದ, ಒಂದೇ ಜೊತೆ ತಂತಿಗಳಿಂದ. ಇಲ್ಲಿಯೇ ಅಪಾಯದ ಬೇರಿದೆ.

ಹಳ್ಳಿಯ ಮಕ್ಕಳಿಗೆ ಇದು ಕಾಣದ ಸಂಗತಿಯಲ್ಲ. ಸಂಜೆ ದೀಪದ ಬೆಳಕಿನಲ್ಲಿ ಓದುತ್ತಿರುವಾಗ ತೋಟದ ಬಾವಿಯ ಪಂಪ್‌ಸೆಟ್ಟನ್ನು ಯಾರಾದರೂ ಚಾಲೂ ಮಾಡಿದರೆ, ಮನೆಯ ದೀಪ ಒಂದು ಗಳಿಗೆ ಮಂಕಾಗಿ ಮತ್ತೆ ಬೆಳಗುತ್ತದೆ. ದೀಪದಲ್ಲಿ ದೋಷವಿಲ್ಲ, ವಿದ್ಯುತ್ತೂ ನಿಂತಿಲ್ಲ. ಮೋಟಾರು ಹೊರಡುವಾಗ ಒಮ್ಮೆಲೇ ಬಹಳಷ್ಟು ಪ್ರವಾಹವನ್ನು ಸೆಳೆದುದರಿಂದ ತಂತಿಗಳಲ್ಲಿ ಒತ್ತಡ ಕುಸಿಯಿತು, ಅಷ್ಟೆ. ದೀಪ ಮಂಕಾದರೆ ಓದು ಅರೆನಿಮಿಷ ತಪ್ಪಬಹುದು. ಹಾರುವ ವಿಮಾನದಲ್ಲಿ ಕಿವಿಯೇ ಮಂಕಾದರೆ ವಿಮಾನವೇ ಉಳಿಯಲಾರದು.

ಪ್ರತಿಯೊಂದು ಬ್ಯಾಟರಿಯೊಳಗೂ ಪ್ರವಾಹವನ್ನು ತಡೆಯುವ ಸ್ವಲ್ಪ ಗುಣ ಇದ್ದೇ ಇರುತ್ತದೆ. ಇದಕ್ಕೆ ಆಂತರಿಕ ರೋಧ ಎನ್ನುತ್ತಾರೆ. ತಂತಿ, ಸ್ವಿಚ್ಚು, ಕೂಡಿಕೆಗಳಲ್ಲಿಯೂ ರೋಧವುಂಟು. ಪ್ರವಾಹವನ್ನು ಈ ರೋಧದಿಂದ ಗುಣಿಸಿದರೆ ದಾರಿಯಲ್ಲೇ ಕಳೆದುಹೋಗುವ ವೋಲ್ಟುಗಳ ಲೆಕ್ಕ ದೊರೆಯುತ್ತದೆ. ಓಮ್ ನಿಯಮವನ್ನು ಕಲಿತವರಿಗೆ ಇದು ಕಷ್ಟವಲ್ಲ. ತಲಾ ೧.೨ ವೋಲ್ಟಿನ ನಾಲ್ಕು ಕೋಶಗಳನ್ನು ಜೋಡಿಸಿದ ೪.೮ ವೋಲ್ಟಿನ ಬ್ಯಾಟರಿಯೊಂದನ್ನು ತೆಗೆದುಕೊಳ್ಳೋಣ. ಬ್ಯಾಟರಿ ಹೊಸದಾಗಿದ್ದು, ತಂತಿ ಸ್ವಿಚ್ಚುಗಳೂ ಸೇರಿ ಒಟ್ಟು ರೋಧ ೦.೧ ಓಮ್ ಇರಲಿ. ಐದು ಸರ್ವೊಗಳು ಏಕಕಾಲದಲ್ಲಿ ಶ್ರಮಪಟ್ಟು ೫ ಆಂಪಿಯರ್ ಸೆಳೆದರೆ ೦.೫ ವೋಲ್ಟು ದಾರಿಯಲ್ಲಿ ಕಳೆದು, ರಿಸೀವರಿಗೆ ೪.೩ ವೋಲ್ಟು ಉಳಿಯುತ್ತದೆ. ಇದರಿಂದ ಚಿಂತೆಯಿಲ್ಲ.

ಅದೇ ಬ್ಯಾಟರಿ ಎರಡು ಮೂರು ವರ್ಷ ಹಳೆಯದಾಗಿ, ಸ್ವಿಚ್ಚಿನ ಒಳಗೆ ಕಿಲುಬು ಹಿಡಿದು, ಒಟ್ಟು ರೋಧ ೦.೩ ಓಮಿಗೆ ಏರಿತೆನ್ನೋಣ. ಈಗ ೫ ಆಂಪಿಯರಿಗೆ ೧.೫ ವೋಲ್ಟು ನಷ್ಟ, ಉಳಿಯುವುದು ೩.೩ ವೋಲ್ಟು. ಅನೇಕ ರಿಸೀವರುಗಳು ಸುಮಾರು ೩.೫ ವೋಲ್ಟಿನ ಕೆಳಗೆ ಕೆಲಸಮಾಡಲಾರವು. ಅಲ್ಲಿಗೆ ವಿಮಾನ ಕಿವುಡಾಯಿತು. ಇನ್ನೊಂದು ಸಂಗತಿಯನ್ನೂ ನೋಡಬೇಕು. ಇದೇ ಹಳೆಯ ಬ್ಯಾಟರಿಯನ್ನು ನೆಲದ ಮೇಲೆ, ಸರ್ವೊಗಳು ಸುಮ್ಮನಿರುವಾಗ, ವೋಲ್ಟ್‌ಮೀಟರಿನಿಂದ ಅಳೆದರೆ ಏನು ಕಾಣುತ್ತದೆ? ಆಗ ಹರಿಯುತ್ತಿರುವ ಪ್ರವಾಹ ೦.೨ ಆಂಪಿಯರ್ ಇರಬಹುದು. ನಷ್ಟವಾಗುವುದು ೦.೦೬ ವೋಲ್ಟು ಮಾತ್ರ. ಮುಳ್ಳು ೪.೭ರ ಮೇಲೆಯೇ ನಿಲ್ಲುತ್ತದೆ. ಅಳೆದವನು ನಿಶ್ಚಿಂತನಾಗಿ ವಿಮಾನವನ್ನು ಮೇಲಕ್ಕೆ ಬಿಡುತ್ತಾನೆ. ಬಿದ್ದ ವಿಮಾನದ ಬ್ಯಾಟರಿಯಲ್ಲಿ ಶಕ್ತಿ ಉಳಿದಿದ್ದುದರ ಗುಟ್ಟು ಇದೇ. ಶಕ್ತಿ ಇತ್ತು, ಬೇಕಾದ ಗಳಿಗೆಯಲ್ಲಿ ಬೇಕಾದೆಡೆಗೆ ಅದು ತಲಪಲಿಲ್ಲ.

ಹಿಂದಿನ ಕಾಲದ ಸರಳ ರಿಸೀವರುಗಳಲ್ಲಿ ಒತ್ತಡ ಕುಸಿದರೆ ವಿಮಾನ ಒಂದಿಷ್ಟು ತತ್ತರಿಸಿ, ಒತ್ತಡ ಮರಳಿದೊಡನೆ ಚೇತರಿಸಿಕೊಳ್ಳುತ್ತಿತ್ತು. ೨೦೦೫ರ ಈಚೆಗೆ ಬಳಕೆಗೆ ಬಂದ ೨.೪ ಗಿಗಾಹರ್ಟ್ಸ್ ರಿಸೀವರುಗಳು ಹೆಚ್ಚು ಜಾಣವಾದವು. ಅವುಗಳೊಳಗೆ ಒಂದು ಪುಟ್ಟ ಗಣಕವೇ ಇದೆ. ಪಕ್ಕದವರ ಮಾತನ್ನು ಲಕ್ಷಿಸದೆ ತನ್ನ ಟ್ರಾನ್ಸ್‌ಮಿಟರಿನ ಮಾತನ್ನೇ ಅವು ಹಿಡಿಯುತ್ತವೆ. ಆದರೆ ಈ ಜಾಣತನಕ್ಕೆ ಒಂದು ಬೆಲೆಯುಂಟು. ಅರೆಕ್ಷಣ ವಿದ್ಯುತ್ತು ಕುಸಿದರೂ ಆ ಗಣಕ ಎಚ್ಚರ ತಪ್ಪುತ್ತದೆ. ವಿದ್ಯುತ್ತು ಮರಳಿದ ಮೇಲೆ ಅದು ಮೊದಲಿನಿಂದ ಕೆಲಸವನ್ನು ಆರಂಭಿಸಿ, ತನ್ನ ಟ್ರಾನ್ಸ್‌ಮಿಟರನ್ನು ಮತ್ತೆ ಹುಡುಕಿಕೊಳ್ಳಬೇಕು. ಮೊದಮೊದಲು ಬಂದ ಕೆಲವು ರಿಸೀವರುಗಳಿಗೆ ಇದಕ್ಕೆ ಹಲವು ಸೆಕೆಂಡುಗಳೇ ಹಿಡಿಯುತ್ತಿದ್ದವು. ಈಗಿನವು ಬೇಗನೆ ಚೇತರಿಸಿಕೊಳ್ಳುತ್ತವೆ. ಆದರೂ ನಡುವಿನ ಆ ಹೊತ್ತಿನಲ್ಲಿ ವಾಹನಕ್ಕೆ ಒಡೆಯನಿಲ್ಲ.

ಸೆಕೆಂಡಿಗೆ ಇಪ್ಪತ್ತು ಮೀಟರ್, ಅಂದರೆ ಗಂಟೆಗೆ ೭೨ ಕಿಲೊಮೀಟರ್ ವೇಗದಲ್ಲಿ ಹಾರುವ ವಿಮಾನ ಮೂರು ಸೆಕೆಂಡುಗಳಲ್ಲಿ ಅರವತ್ತು ಮೀಟರ್ ಸಾಗಿರುತ್ತದೆ. ಇದು ಫುಟ್ಬಾಲ್ ಮೈದಾನದ ಅರ್ಧಕ್ಕಿಂತಲೂ ಹೆಚ್ಚು ದೂರ. ಮೂಗಿನ ತುದಿಯಲ್ಲಿ ಪ್ರೊಪೆಲರ್ ಗಿರ್ರನೆ ತಿರುಗುತ್ತಿರುವ, ಎರಡು ಮೂರು ಕಿಲೋ ತೂಕದ ವಸ್ತು ಯಾರ ಮಾತನ್ನೂ ಕೇಳದೆ ಅಷ್ಟು ದೂರ ನುಗ್ಗುವಾಗ ಎದುರಿಗೆ ಆಡುತ್ತಿರುವ ಮಗುವಿದ್ದರೆ? ಚೂರಾದ ವಿಮಾನವನ್ನು ಮತ್ತೆ ಕಟ್ಟಬಹುದು. ಎಲ್ಲವನ್ನೂ ಮತ್ತೆ ಕಟ್ಟಲಾಗುವುದಿಲ್ಲ. ಆದುದರಿಂದಲೇ ಬಲ್ಲವರು ಇದನ್ನು ಆಟಿಕೆಯ ವಿಷಯವೆಂದು ಹಗುರವಾಗಿ ಕಾಣುವುದಿಲ್ಲ.

ಇಂತಹ ವಿಪತ್ತಿಗೆಂದೇ ರಿಸೀವರುಗಳಲ್ಲಿ ಫೇಲ್‌ಸೇಫ್ ಎಂಬ ಏರ್ಪಾಡು ಇದೆಯಲ್ಲವೆ ಎಂದು ಕೇಳಬಹುದು. ಟ್ರಾನ್ಸ್‌ಮಿಟರಿನ ಮಾತು ಕೇಳದಂತಾದರೆ ಎಂಜಿನನ್ನು ನಿಲ್ಲಿಸಿ, ಚುಕ್ಕಾಣಿಯನ್ನು ಮೊದಲೇ ಗೊತ್ತುಪಡಿಸಿದ ಸ್ಥಾನಕ್ಕೆ ತಿರುಗಿಸುವ ಏರ್ಪಾಡು ಅದು. ಇದು ಒಳ್ಳೆಯದೇ. ಆದರೆ ಹಾಗೆ ತಿರುಗಿಸುವುದಕ್ಕೂ ವಿದ್ಯುತ್ತು ಬೇಕು. ಮಾತು ನಿಂತು ವಿದ್ಯುತ್ತು ಉಳಿದಿದ್ದರೆ ಫೇಲ್‌ಸೇಫ್ ಕಾಪಾಡುತ್ತದೆ. ವಿದ್ಯುತ್ತೇ ನಿಂತರೆ ಅದೂ ನಿದ್ದೆಹೋಗುತ್ತದೆ. ಸರ್ವೊದ ತೋಳುಗಳು ಇದ್ದಲ್ಲೇ ನಿಂತುಬಿಡುತ್ತವೆ. ಪೆಟ್ರೋಲಿನಂತಹ ಇಂಧನದಿಂದ ಓಡುವ ಮಾದರಿ ಕಾರಿನಲ್ಲಿ ಆ ಗಳಿಗೆಯಲ್ಲಿ ಎಂಜಿನಿನ ಬಾಯಿ ಪೂರ್ಣ ತೆರೆದಿದ್ದರೆ, ಕಾರು ಪೂರ್ಣ ವೇಗದಲ್ಲೇ ಓಡುತ್ತದೆ. ಅದಕ್ಕಾಗಿ ಅನುಭವಸ್ಥರು ಅಲ್ಲಿ ಒಂದು ಸಣ್ಣ ಸ್ಪ್ರಿಂಗನ್ನು ಕಟ್ಟಿರುತ್ತಾರೆ. ಸರ್ವೊದ ಬಲ ಇಲ್ಲವಾದರೆ ಸ್ಪ್ರಿಂಗು ತಾನೇ ಎಂಜಿನಿನ ಬಾಯಿಯನ್ನು ಮುಚ್ಚುತ್ತದೆ. ವಿದ್ಯುತ್ತನ್ನು ಬೇಡದ ಕಾವಲುಗಾರ ಅದು.

ಹಾಗಾದರೆ ಕಿವಿಗೆ ಆಹಾರ ತಪ್ಪದಂತೆ ನೋಡಿಕೊಳ್ಳುವ ಬಗೆ ಯಾವುದು? ಮೊದಲನೆಯದು ಬ್ಯಾಟರಿಯ ಆಯ್ಕೆ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬಿದೆ ಎಂಬುದು ಒಂದು ಪ್ರಶ್ನೆ. ಅದನ್ನು ಎಷ್ಟು ವೇಗವಾಗಿ ಕೊಡಬಲ್ಲದು ಎಂಬುದು ಇನ್ನೊಂದು. ಕೊಡದ ಗಾತ್ರ ಬೇರೆ, ಅದರ ಬಾಯಿಯ ಅಗಲ ಬೇರೆ. ದೊಡ್ಡ ಕೊಡಕ್ಕೆ ಕಿರಿದಾದ ಬಾಯಿಯಿದ್ದರೆ ಬೆಂಕಿ ಆರಿಸಲು ಓಡಿಬಂದವನಿಗೆ ಅದರಿಂದ ಉಪಯೋಗವಿಲ್ಲ. ಟಾರ್ಚಿಗೆ ಹಾಕುವ ಸಾಧಾರಣ ಸೆಲ್ಲುಗಳನ್ನು ಪ್ಲಾಸ್ಟಿಕ್ ಗೂಡಿನಲ್ಲಿ ಸ್ಪ್ರಿಂಗಿನಿಂದ ಒತ್ತಿಹಿಡಿದು ಬಳಸುವುದು ಇದೇ ಕಾರಣದಿಂದ ಸಲ್ಲದು. ಅವುಗಳ ಆಂತರಿಕ ರೋಧ ಹೆಚ್ಚು. ವಿಮಾನ ನಡುಗಿದಾಗ ಸ್ಪ್ರಿಂಗಿನ ಸಂಪರ್ಕವೂ ಸಡಿಲುತ್ತದೆ. ಒಂದಕ್ಕೊಂದು ಬೆಸೆದ, ಮತ್ತೆ ಮತ್ತೆ ತುಂಬಬಹುದಾದ ಕೋಶಗಳ ಗೊಂಚಲೇ ಯೋಗ್ಯ. ನಾಲ್ಕು ಕೋಶಗಳ ಬದಲು ಐದನ್ನು ಬಳಸಿದರೆ ೬ ವೋಲ್ಟು ದೊರೆತು ಕುಸಿತಕ್ಕೆ ಇನ್ನಷ್ಟು ಎಡೆ ಸಿಗುತ್ತದೆ. ಆದರೆ ಸರ್ವೊಗಳು ಅಷ್ಟು ವೋಲ್ಟನ್ನು ತಾಳಬಲ್ಲವೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಎರಡನೆಯದು ದಾರಿ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಬ್ಯಾಟರಿ ಧಾರಾಳಿಯಾಗಿದ್ದರೂ ನಡುವಿನ ತಂತಿ ಕೂದಲಿನಂತೆ ತೆಳ್ಳಗಿದ್ದರೆ, ಸ್ವಿಚ್ಚು ಅಗ್ಗದ್ದಾಗಿದ್ದರೆ, ಕೂಡಿಕೆಗಳು ಸಡಿಲವಾಗಿದ್ದರೆ ರಿಸೀವರಿಗೆ ತಲಪುವುದು ಅರೆಹೊಟ್ಟೆಯ ಊಟ. ತಂತಿ ದಪ್ಪವಾಗಿಯೂ ಗಿಡ್ಡವಾಗಿಯೂ ಇರಬೇಕು. ದೊಡ್ಡ ಸರ್ವೊಗಳಿದ್ದಲ್ಲಿ ಬ್ಯಾಟರಿಯಿಂದ ಒಂದರ ಬದಲು ಎರಡು ಜೊತೆ ತಂತಿಗಳನ್ನು ಎಳೆಯುವುದುಂಟು. ಮಾಸಿದ ಕೂಡಿಕೆಗಳನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಇವು ಕೆಲವೇ ರೂಪಾಯಿಗಳ ಸಾಮಾನುಗಳು. ಇವುಗಳಲ್ಲಿ ಜಿಪುಣತನ ಮಾಡಿ ಇಡೀ ವಿಮಾನವನ್ನೇ ಕಳೆದುಕೊಂಡವರು ಉಂಟು.

ಮೂರನೆಯದು ಕೈಗಳ ವೃಥಾ ಶ್ರಮವನ್ನು ತಪ್ಪಿಸುವುದು. ಸರಳು ಎಲ್ಲಿಯೋ ತಗುಲುತ್ತಿದ್ದರೆ, ಚುಕ್ಕಾಣಿಯ ತಿರುಗಣೆ ಬಿಗಿಯಾಗಿದ್ದರೆ, ಸರ್ವೊ ತನ್ನ ಸ್ಥಾನವನ್ನು ಮುಟ್ಟಲಾರದೆ ಒಳಗೊಳಗೇ ತಿಣುಕುತ್ತಿರುತ್ತದೆ. ಹೊರಗೆ ನೋಡಿದರೆ ಏನೂ ಕಾಣದು. ಕಿವಿಗೊಟ್ಟು ಕೇಳಿದರೆ ಮಾತ್ರ ದುಂಬಿಯ ಗುಂಯ್‌ಗುಟ್ಟುವಿಕೆಯಂತಹ ಸಣ್ಣ ಸದ್ದು ಕೇಳಿಸುತ್ತದೆ. ಅದು ಹಸಿದ ಸರ್ವೊದ ನರಳಿಕೆ. ಹಾಗೆ ನರಳುವಷ್ಟು ಹೊತ್ತೂ ಅದು ಬ್ಯಾಟರಿಯನ್ನು ಬರಿದುಮಾಡುತ್ತಿರುತ್ತದೆ. ಒಂದು ಹನಿ ಎಣ್ಣೆ, ಅಥವಾ ಸರಳಿನ ಉದ್ದದಲ್ಲಿ ಒಂದು ಸುತ್ತಿನ ತಿದ್ದುಪಡಿ ಈ ವ್ಯರ್ಥವನ್ನು ನಿಲ್ಲಿಸಬಲ್ಲದು.

ವಿದ್ಯುತ್ ಮೋಟಾರಿನಿಂದ ಓಡುವ ವಾಹನಗಳಲ್ಲಿ ರಿಸೀವರಿಗೆ ಬೇರೆ ಬ್ಯಾಟರಿಯನ್ನು ಇಡದೆ, ಮೋಟಾರಿನ ದೊಡ್ಡ ಬ್ಯಾಟರಿಯಿಂದಲೇ ಅದಕ್ಕೂ ಪಾಲು ಕೊಡುವುದು ವಾಡಿಕೆ. ಈ ಪಾಲನ್ನು ಅಳೆದು ಕೊಡುವ ಸಾಧನಕ್ಕೆ ಚಿಕ್ಕದಾಗಿ ಬಿ.ಇ.ಸಿ. ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಹಳೆಯ ಬಗೆಯದು ಹೆಚ್ಚಾದ ವೋಲ್ಟನ್ನು ಶಾಖವಾಗಿ ಸುಟ್ಟು ಕಳೆಯುತ್ತದೆ. ೧೧.೧ ವೋಲ್ಟಿನ ಬ್ಯಾಟರಿಯಿಂದ ೫ ವೋಲ್ಟು ಬೇಕಾದಾಗ ೬.೧ ವೋಲ್ಟು ಹೆಚ್ಚುವರಿ. ಸರ್ವೊಗಳು ೨ ಆಂಪಿಯರ್ ಸೆಳೆದರೆ, ಬೆರಳುಗುರಿನಷ್ಟು ಗಾತ್ರದ ಆ ಸಾಧನದಲ್ಲಿ ೧೨.೨ ವ್ಯಾಟು ಶಾಖ ಹುಟ್ಟುತ್ತದೆ. ಹೀಗೆ ಕಾದಾಗ ತನ್ನನ್ನು ಉಳಿಸಿಕೊಳ್ಳಲು ಅದು ಕೆಲಸವನ್ನೇ ನಿಲ್ಲಿಸಬಹುದು. ಹೊಸ ಬಗೆಯದು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತಡೆದು ಬಿಟ್ಟು, ಬೇಕಾದಷ್ಟನ್ನೇ ಒದಗಿಸುತ್ತದೆ. ಅದರಲ್ಲಿ ಶಾಖ ಬಲು ಕಡಿಮೆ. ಬ್ಯಾಟರಿಯ ವೋಲ್ಟು ಹೆಚ್ಚಿದ್ದು ಸರ್ವೊಗಳು ಅನೇಕವಿದ್ದಾಗ ಈ ಎರಡನೆಯ ಬಗೆಯೇ ಸುರಕ್ಷಿತ.

ಮೋಟಾರೂ ರಿಸೀವರೂ ಒಂದೇ ಬ್ಯಾಟರಿಯನ್ನು ಹಂಚಿಕೊಂಡಾಗ ಒಂದು ನ್ಯಾಯದ ಪ್ರಶ್ನೆ ಏಳುತ್ತದೆ. ಶಕ್ತಿ ಮುಗಿಯುತ್ತ ಬಂದಾಗ ಉಳಿದುದು ಯಾರಿಗೆ ಸೇರಬೇಕು? ಮೋಟಾರನ್ನು ನಡೆಸುವ ನಿಯಂತ್ರಕದಲ್ಲಿ ಇದಕ್ಕೊಂದು ಕಟ್ಟಳೆಯನ್ನು ಅಳವಡಿಸಿರುತ್ತಾರೆ. ಬ್ಯಾಟರಿಯ ವೋಲ್ಟು ಗೊತ್ತಾದ ಮಟ್ಟಕ್ಕೆ ಇಳಿದಾಗ ಅದು ಮೋಟಾರಿನ ಪಾಲನ್ನು ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ರಿಸೀವರಿನ ಮತ್ತು ಸರ್ವೊಗಳ ಪಾಲನ್ನು ಮಾತ್ರ ಮುಟ್ಟುವುದಿಲ್ಲ. ಬ್ಯಾಟರಿ ಕೆಡದಂತೆ ಕಾಯುವುದು ಇದರ ಒಂದು ಉದ್ದೇಶ. ಕಿವಿಯನ್ನು ಎಚ್ಚರವಾಗಿಡುವುದು ಇನ್ನೊಂದು. ಮೋಟಾರು ನಿಂತ ವಿಮಾನ ಗಾಳಿಯಲ್ಲಿ ತೇಲುತ್ತ, ಮಾತು ಕೇಳುತ್ತ, ಮೆಲ್ಲಗೆ ನೆಲಕ್ಕಿಳಿಯಬಲ್ಲದು. ಮೋಟಾರು ಓಡುತ್ತಿದ್ದು ಕಿವಿ ಸತ್ತ ವಿಮಾನಕ್ಕೆ ಅಂತಹ ಭಾಗ್ಯವಿಲ್ಲ. ಕುಂಭಕರ್ಣನ ಬಲ ಎಷ್ಟಿದ್ದರೇನು? ಕರೆ ಕಿವಿಗೆ ಬೀಳುವವರೆಗೆ ಅದು ಯಾರ ನೆರವಿಗೂ ಬಾರದು. ಬಲಕ್ಕಿಂತ ಮೊದಲು ಶ್ರವಣ ಎಂಬುದೇ ಇಲ್ಲಿಯ ಧರ್ಮ.

ಬೆಲೆಬಾಳುವ ದೊಡ್ಡ ವಿಮಾನಗಳಲ್ಲಿ ರಿಸೀವರಿಗೆ ಎರಡು ಬ್ಯಾಟರಿಗಳನ್ನು ಇಡುತ್ತಾರೆ. ಒಂದು ಸೋತರೆ ಇನ್ನೊಂದು ಆಧಾರ. ಕೆಲವರು ರಿಸೀವರಿನ ಬಳಿ ಒಂದು ಕೆಪಾಸಿಟರನ್ನೂ ಜೋಡಿಸುತ್ತಾರೆ. ಅದು ಅಂಗಳದ ತೊಟ್ಟಿಯಂತೆ ಒಂದಿಷ್ಟು ವಿದ್ಯುತ್ತನ್ನು ಕೂಡಿಟ್ಟುಕೊಂಡು, ಕಣ್ಣೆವೆಯಿಕ್ಕುವಷ್ಟರ ಕುಸಿತವನ್ನು ತುಂಬಿಕೊಡುತ್ತದೆ. ಆದರೆ ಸೋತ ಬ್ಯಾಟರಿಗೆ ಅದು ಬದಲಿಯಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಸುಮ್ಮನಿರುವ ಬ್ಯಾಟರಿಯನ್ನು ಅಳೆಯುವುದು, ಕುಳಿತಿರುವ ಎತ್ತನ್ನು ನೋಡಿ ಅದರ ಉಳುಮೆಯನ್ನು ಅಂದಾಜು ಮಾಡಿದಂತೆ. ಹೊರೆ ಹೊರಿಸಿಯೇ ಅಳೆಯಬೇಕು. ವಾಹನವನ್ನು ನೆಲದ ಮೇಲೆ ಭದ್ರವಾಗಿ ನಿಲ್ಲಿಸಿ, ಪ್ರೊಪೆಲರು ತಿರುಗದಂತೆ ಮೋಟಾರಿನ ಸಂಪರ್ಕವನ್ನು ತಪ್ಪಿಸಬೇಕು. ರಿಸೀವರಿನ ಬಳಿ ವೋಲ್ಟ್‌ಮೀಟರನ್ನು ಜೋಡಿಸಿ, ಹಿಡಿಕೆಗಳನ್ನು ಒಟ್ಟಿಗೆ ಎಲ್ಲ ದಿಕ್ಕಿಗೂ ಬೇಗಬೇಗನೆ ಆಡಿಸಬೇಕು. ಜೊತೆಗಾರನೊಬ್ಬ ಚುಕ್ಕಾಣಿಗಳನ್ನು ಬೆರಳಿನಿಂದ ಮೃದುವಾಗಿ ತಡೆದರೆ ಗಾಳಿಯ ಒತ್ತಡದ ಅನುಕರಣೆಯೂ ಆಗುತ್ತದೆ. ಆಗಲೂ ಮುಳ್ಳು ಅಪಾಯದ ಗೆರೆಯಿಂದ ಸಾಕಷ್ಟು ಮೇಲೆಯೇ ನಿಂತರೆ ಹಾರಿಸಬಹುದು. ಇಲ್ಲವಾದರೆ ಆ ದಿನ ವಿಮಾನ ನೆಲದ ಮೇಲೆಯೇ ಇರಲಿ. ನೋಡಲು ನೆರೆದವರ ಮುಂದೆ ಹಾರಿಸದೆ ಹಿಂದಿರುಗುವುದು ಸುಲಭವಲ್ಲ. ಆದರೆ ಒಳ್ಳೆಯ ಚಾಲಕನ ಗುರುತು ಸಿಗುವುದು ಅಲ್ಲಿಯೇ.

ಆಟದ ಬಯಲಿನಲ್ಲಿ ಕಲಿತ ಈ ಪಾಠ ಚಂದ್ರಲೋಕದಲ್ಲಿಯೂ ಸುಳ್ಳಾಗುವುದಿಲ್ಲ. ಭೂಮಿಯಿಂದ ಆಜ್ಞೆ ಪಡೆದು ಚಂದ್ರನ ಮೇಲೆ ಓಡಾಡಿದ ಮೊದಲ ವಾಹನ ಸೋವಿಯತ್ ದೇಶದ ಲುನೊಖೋಡ್-೧. ೧೯೭೦ರ ನವೆಂಬರ್ ೧೭ರಂದು ಅದು ಚಂದ್ರನನ್ನು ಮುಟ್ಟಿತು. ಅದರ ಮೇಲ್ಮುಚ್ಚಳದ ಒಳಬದಿಯಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಫಲಕವಿತ್ತು. ಹಗಲಿನಲ್ಲಿ ಮುಚ್ಚಳವನ್ನು ತೆರೆದು ಬ್ಯಾಟರಿಯನ್ನು ತುಂಬಿಕೊಂಡು, ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘವಾದ ಅಲ್ಲಿಯ ರಾತ್ರಿಯಲ್ಲಿ ಅದನ್ನು ಮುಚ್ಚಿಕೊಂಡು ಅದು ಮಲಗುತ್ತಿತ್ತು. ಚಳಿಗೆ ಒಳಗಿನ ಯಂತ್ರಗಳು ಕೆಡದಂತೆ ಪೊಲೋನಿಯಮ್ ಎಂಬ ವಿಕಿರಣ ಧಾತುವಿನ ಶಾಖ ಕಾಯುತ್ತಿತ್ತು. ಹೀಗೆ ಹತ್ತು ತಿಂಗಳ ಕಾಲ ದುಡಿದು, ಹತ್ತು ಕಿಲೊಮೀಟರಿಗೂ ಹೆಚ್ಚು ದೂರ ಅದು ಸಂಚರಿಸಿತು.

ಭಾರತದ ಚಂದ್ರಯಾನ-೩ರ ಕಥೆ ಇದಕ್ಕಿಂತ ಹತ್ತಿರದ್ದು. ೨೦೨೩ರ ಆಗಸ್ಟ್ ೨೩ರಂದು ವಿಕ್ರಮ್ ಎಂಬ ನೌಕೆ ಚಂದ್ರನ ದಕ್ಷಿಣ ಧ್ರುವದ ಕಡೆಯ ಪ್ರದೇಶದಲ್ಲಿ ಇಳಿಯಿತು. ಅದರೊಳಗಿನಿಂದ ಹೊರಬಂದ ಪ್ರಜ್ಞಾನ್ ಎಂಬ ಆರು ಚಕ್ರಗಳ ಬಂಡಿಯ ತೂಕ ೨೬ ಕಿಲೊಗ್ರಾಮ್. ಬೆಂಗಳೂರಿನ ಇಸ್ಟ್ರಾಕ್ ನಿಯಂತ್ರಣ ಕೇಂದ್ರದಿಂದ ಹೊರಟ ಆಜ್ಞೆಗಳು ವಿಕ್ರಮ್ ನೌಕೆಯ ಮೂಲಕ ಅದನ್ನು ತಲಪುತ್ತಿದ್ದವು. ನೂರು ಮೀಟರಿಗೂ ಹೆಚ್ಚು ದೂರ ಸಾಗಿ, ನೆಲದಲ್ಲಿರುವ ಧಾತುಗಳನ್ನು ಪರೀಕ್ಷಿಸಿ, ಹತ್ತೇ ದಿನಗಳಲ್ಲಿ ಅದು ತನ್ನ ಪಾಲಿನ ಕೆಲಸವನ್ನು ಮುಗಿಸಿತು. ಅಷ್ಟರಲ್ಲಿ ಚಂದ್ರನ ರಾತ್ರಿ ಸಮೀಪಿಸಿತು. ಸೊನ್ನೆಗಿಂತ ನೂರು ಡಿಗ್ರಿಗೂ ಹೆಚ್ಚು ಕೆಳಗಿಳಿಯುವ ಆ ಚಳಿಯನ್ನು ತಾಳುವಂತೆ ಪ್ರಜ್ಞಾನನ್ನು ರಚಿಸಿರಲಿಲ್ಲ.

ಸೆಪ್ಟೆಂಬರ್ ೨ರಂದು ವಿಜ್ಞಾನಿಗಳು ಪ್ರಜ್ಞಾನನ್ನು ಸುರಕ್ಷಿತವಾದೆಡೆಯಲ್ಲಿ ನಿಲ್ಲಿಸಿ ಮಲಗಿಸಿದರು. ಮಲಗಿಸುವ ಮುನ್ನ ಅವರು ಮಾಡಿದ ಸಿದ್ಧತೆಯನ್ನು ಗಮನಿಸಬೇಕು. ಪರೀಕ್ಷಾ ಉಪಕರಣಗಳನ್ನೆಲ್ಲ ನಿಲ್ಲಿಸಿದರು. ಬ್ಯಾಟರಿಯನ್ನು ಪೂರ್ತಿಯಾಗಿ ತುಂಬಿಸಿದರು. ಸೆಪ್ಟೆಂಬರ್ ೨೨ರಂದು ಅಲ್ಲಿ ಮತ್ತೆ ಸೂರ್ಯೋದಯವಾದಾಗ ಬೆಳಕು ಬೀಳುವಂತೆ ಫಲಕವನ್ನು ತಿರುಗಿಸಿ ಇಟ್ಟರು. ರಿಸೀವರನ್ನು ಮಾತ್ರ ಆರಿಸಲಿಲ್ಲ. ಎರಡು ದಿನಗಳ ತರುವಾಯ ವಿಕ್ರಮ್ ನೌಕೆಯನ್ನು ಮಲಗಿಸಿದಾಗಲೂ ಹಾಗೆಯೇ ಮಾಡಿದರು. ಕೈಕಾಲುಗಳಿಗೆ ವಿಶ್ರಾಂತಿ, ಕಣ್ಣುಗಳಿಗೆ ನಿದ್ದೆ. ಕಿವಿ ಮಾತ್ರ ಎಚ್ಚರ.

ಸೆಪ್ಟೆಂಬರ್ ೨೨ರಂದು ಭೂಮಿಯಿಂದ ಕರೆ ಹೋಯಿತು. ಚಂದ್ರನಿಂದ ಉತ್ತರ ಬರಲಿಲ್ಲ. ಗೊತ್ತುಪಡಿಸಿದ ಕೆಲಸವನ್ನೆಲ್ಲ ಮುಗಿಸಿದ್ದ ಯಂತ್ರಗಳಿಂದ ಹೆಚ್ಚಿನದನ್ನು ಬಯಸುವ ಹಕ್ಕು ಯಾರಿಗೂ ಇರಲಿಲ್ಲ. ಆದರೂ ಆ ಸಿದ್ಧತೆ ವ್ಯರ್ಥವೆನ್ನುವಂತಿಲ್ಲ. ಬಂಡಿ ಮತ್ತೆ ಏಳುವ ಸಂಭವ ಎಷ್ಟೇ ಕಡಿಮೆಯಿದ್ದರೂ, ಕರೆದಾಗ ಕೇಳುವ ಅವಕಾಶವನ್ನು ಅದಕ್ಕೆ ಇಲ್ಲವಾಗಿಸಬಾರದೆಂಬ ವಿವೇಕ ಅದರಲ್ಲಿತ್ತು.

ಬಯಲಿನ ಪುಟ್ಟ ವಿಮಾನವನ್ನು ಹಾರಿಸುವ ಯುವಕನಿಗೂ ಚಂದ್ರನ ಬಂಡಿಯನ್ನು ನಡೆಸುವ ವಿಜ್ಞಾನಿಗೂ ಇರುವ ಹೊಣೆ ಒಂದೇ ಬಗೆಯದು. ಯಂತ್ರಕ್ಕೆ ಎಷ್ಟು ಬಲವಿದೆಯೆಂದು ನೋಡುವ ಮೊದಲು, ಹೇಳಿದ ಮಾತು ಅದಕ್ಕೆ ಕೊನೆಯವರೆಗೂ ಕೇಳಿಸುವುದೇ ಎಂದು ನೋಡಿಕೊಳ್ಳಬೇಕು. ಮೋಟಾರಿನ ಅಬ್ಬರ ಎಲ್ಲರಿಗೂ ಕೇಳಿಸುತ್ತದೆ, ರೆಕ್ಕೆಯ ಬಣ್ಣ ಎಲ್ಲರಿಗೂ ಕಾಣಿಸುತ್ತದೆ. ಬೆಂಕಿಪೊಟ್ಟಣದಷ್ಟು ಚಿಕ್ಕದಾದ ರಿಸೀವರಿನ ಹಸಿವು ಯಾರಿಗೂ ಕಾಣಿಸದು. ಕಾಣಿಸದ ಆ ಹಸಿವನ್ನು ಮೊದಲೇ ಅರಿತು, ಅದಕ್ಕೆ ಮೊದಲ ತುತ್ತನ್ನು ತೆಗೆದಿಡುವವನ ವಿಮಾನ ಸಂಜೆಗೆ ಕ್ಷೇಮವಾಗಿ ಮನೆಗೆ ಮರಳುತ್ತದೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಟೆಸ್ಲಾನು ತನ್ನ ದೋಣಿಯನ್ನು ಎಲ್ಲಿ, ಯಾವಾಗ ನಡೆಸಿ ತೋರಿಸಿದನು?
೨. ಮಾದರಿ ವಿಮಾನದ ‘ಕಿವಿ’ ಮತ್ತು ‘ಕೈಗಳು’ ಯಾವುವು?
೩. ಪ್ರಜ್ಞಾನನ್ನು ಮಲಗಿಸುವಾಗ ಆರಿಸದೆ ಉಳಿಸಿದ ಭಾಗ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಬಿದ್ದ ವಿಮಾನದ ಬ್ಯಾಟರಿಯಲ್ಲಿ ಶಕ್ತಿ ಉಳಿದಿರಲು ಕಾರಣವೇನು?
೨. ವಿದ್ಯುತ್ತು ನಿಂತಾಗ ಫೇಲ್‌ಸೇಫ್ ಏಕೆ ಕಾಪಾಡಲಾರದು? ಸ್ಪ್ರಿಂಗು ಹೇಗೆ ಕಾಪಾಡುತ್ತದೆ?
೩. ‘ಬಲಕ್ಕಿಂತ ಮೊದಲು ಶ್ರವಣ’ ಎಂಬ ಮಾತನ್ನು ಪಾಠದ ಆಧಾರದಿಂದ ವಿವರಿಸಿರಿ.

ಇ. ಲೆಕ್ಕ ಮಾಡಿರಿ.
೬ ವೋಲ್ಟಿನ ಬ್ಯಾಟರಿಯೊಂದರ ಮತ್ತು ತಂತಿಗಳ ಒಟ್ಟು ರೋಧ ೦.೩ ಓಮ್. ಸರ್ವೊಗಳು ೫ ಆಂಪಿಯರ್ ಸೆಳೆದಾಗ ರಿಸೀವರಿಗೆ ಉಳಿಯುವ ವೋಲ್ಟು ಎಷ್ಟು? ಅದು ಸಾಕೇ?